ಗಣಿತಕ್ಕೆ ತೊಂಬತ್ತೆರಡು

ಎಸ್ಸೆಸ್ಸೆಲ್ಸಿ ಓದುತ್ತಿದ್ದ ಮಗಳು ಗಂಗೋತ್ರಿ ಗಣಿತದ ಪುಸ್ತಕವನ್ನು ಗೋಡೆಗೆ ಬೀಸಿ ಎಸೆದ ದಿನ, ಕಮಲಾಪುರದ ಆಟೋ ಗಾಳೆಪ್ಪ ಬಾಯಿ ತಪ್ಪಿ ಒಂದು ಮಾತು ಆಡಿಬಿಟ್ಟಿದ್ದ.

"ನಿನ್ನ ವಯಸ್ಸಿನಾಗ ನಾ ಗಣಿತಕ್ಕ ತೊಂಬತ್ತೆರಡು ತಗಂಡಿದ್ದೆ, ಗೊತ್ತೇನು?"

ನಿಜ ಹೇಳಬೇಕೆಂದರೆ ಅವನು ಗಣಿತದಲ್ಲಿ ಮೂರು ಸಲ ಡುಮ್ಕಿ ಹೊಡೆದಿದ್ದ. ನಾಲ್ಕನೇ ಸಲ ಬರೆದವನು ಫಲಿತಾಂಶ ನೋಡಲೂ ಹೋಗದೆ, ಸಂಡೂರಿನ ಅದಿರು ಲಾರಿಯೊಂದಕ್ಕೆ ಕ್ಲೀನರಾಗಿ ಹತ್ತಿಬಿಟ್ಟಿದ್ದ. ಹೆಣ್ಣು ನೋಡಲು ಹೋದಾಗ ದೇವಿಕಾಳ ಮನೆಯಲ್ಲೂ 'ಫಸ್ಟ್ ಕ್ಲಾಸ್' ಎಂದೇ ಹೇಳಿದ್ದ.

ಗಂಗೋತ್ರಿ ಆ ತೊಂಬತ್ತೆರಡನ್ನು ನೆಟ್ಟಗೆ ಶಾಲೆಗೆ ಒಯ್ದಳು. ಅಪ್ಪನೂ ಅದೇ ಹೈಸ್ಕೂಲಿನಲ್ಲಿ ಓದಿದವನು. ಹೆಡ್‌ಮೇಡಂ ಸುನಿತಾ ಹಿಗ್ಗಿ ಹೋದರು. ಹತ್ತನೇ ತರಗತಿಯ ಬೀಳ್ಕೊಡುಗೆಯ ಕಾರ್ಡು ಅಚ್ಚಾಗಿ ಬಂತು: 'ಹಳೆಯ ವಿದ್ಯಾರ್ಥಿಗಳಿಂದ ಹಿತನುಡಿ: ಶ್ರೀ ಗಾಳೆಪ್ಪ, ಶ್ರೀ ಕೆಂಚಣ್ಣ.'

ಸಮಾರಂಭದ ದಿನ ಬೆಳಿಗ್ಗೆ ಗಾಳೆಪ್ಪ ಕಂಬಳಿ ಮುಸುಕೆಳೆದು ಮಲಗಿದ. ಗಂಟಲು ಮುಟ್ಟಿಕೊಂಡು, ಧ್ವನಿ ಹೋಗಿದೆ ಎಂದು ಕೈಸನ್ನೆ ಮಾಡಿದ. ದೇವಿಕಾ ಪಕ್ಕದ ಮನೆಯ ಹುಸೇನಮ್ಮನನ್ನು ಕರೆದಳು. ಹುಸೇನಮ್ಮ ಮೆಣಸು, ಶುಂಠಿ, ಇನ್ನೂ ಏನೇನೋ ಕುದಿಸಿ ತಂದು, ಅವನ ಮೂಗು ಹಿಡಿದು ಬಾಯಿಗೆ ಸುರಿದಳು.

"ಸತ್ನೆಪ್ಪೋ!"

ಹಿಂದಿನ ಓಣಿಯ ನಾಯಿಗಳೆಲ್ಲ ಎದ್ದು ಬೊಗಳಿದವು.

"ನೋಡವಾ ದೇವಿಕಾ, ಧ್ವನಿ ಬಂತು," ಎಂದು ಹುಸೇನಮ್ಮ ಲೋಟ ತೊಳೆದಿಟ್ಟಳು. "ನಡೀರಿ, ನಾನೂ ಬರ್ತೀನಿ. ಭಾಷಣ ಕೇಳಿ ಭಾಳ ದಿನ ಆತು."

ಗಾಳೆಪ್ಪ ತನ್ನನ್ನು ತಾನೇ ಆಟೋದಲ್ಲಿ ಗಲ್ಲುಕಂಬಕ್ಕೆ ಒಯ್ದುಕೊಂಡಂತೆ ಶಾಲೆ ತಲುಪಿದ.

ವೇದಿಕೆಯ ಮೇಲೆ ಬಾಳೆಕಾಯಿ ವ್ಯಾಪಾರಿ ಕೆಂಚಣ್ಣ ಆಗಲೇ ಮೈಕು ಹಿಡಿದಿದ್ದ. "ಮಕ್ಳ, ಮೊಬೈಲ್ ಮುಟ್ಟಬ್ಯಾಡ್ರಿ. ಮೊಬೈಲ್ ಅಂದ್ರ ವಿಷ..." ಅಷ್ಟರಲ್ಲಿ ಅವನ ಜೇಬು ಹಾಡಿತು. "ಹಲೋ, ಹಾಂ, ಎರಡು ಲೋಡ್ ಹೊಸಪೇಟೆಗೆ ಕಳ್ಸು. ಕೊಳೆತಿದ್ದು ಕೆಳಗ ಹಾಕು... ಹಾಂ ಮಕ್ಳ, ಎರಡನೇದು, ಜೀವನದಾಗ ಪ್ರಾಮಾಣಿಕರಾಗಿ ಇರ್ರಿ." ಮಕ್ಕಳು ಹೊಟ್ಟೆ ಹಿಡಿದುಕೊಂಡು ನಕ್ಕರು.

ಗಾಳೆಪ್ಪನಿಗೂ ನಗು ಬರುವುದರಲ್ಲಿತ್ತು. ಆದರೆ ಪಕ್ಕದ ಕುರ್ಚಿಗೆ ಬಂದು ಕುಳಿತವರನ್ನು ನೋಡಿ ತನ್ನ ಕುರ್ಚಿಯ ಅಂಚಿಗೆ ಸರಿದ. ನಿವೃತ್ತ ಗಣಿತದ ಮಾಸ್ತರು ಕೊಟ್ರಬಸಪ್ಪನವರು! ಕೈಯಲ್ಲಿ ಖಾಕಿ ಲಕೋಟೆ, ಮುಖದಲ್ಲಿ ಮುಗುಳ್ನಗೆ. ಮಾಸ್ತರು ನಕ್ಕದ್ದನ್ನು ಅವನು ಜನ್ಮದಲ್ಲಿ ಕಂಡಿರಲಿಲ್ಲ.

"ಲೇ ಗಾಳ್ಯಾ," ಎಂದು ಅವರು ಕಿವಿಯಲ್ಲಿ ಉಸುರಿದರು. "ಆಫೀಸಿನ ಕಪಾಟಿನಾಗ ನಿನ್ನ ಮಾರ್ಕ್ಸ್ ಕಾರ್ಡು ಸಿಕ್ಕೈತಿ. ನಿನ್ನ ಭಾಷಣ ಆಗ್ಲಿ, ಎಲ್ಲರ ಮುಂದ ಓದಿ ಹೇಳ್ತೀನಿ."

ಮಾಸ್ತರು ಮಾನ ಕಳೆಯುವ ಮುಂಚೆ ತಾನೇ ಕಳೆದುಕೊಳ್ಳುವುದು ಮೇಲು ಎಂದು ಗಾಳೆಪ್ಪನಿಗೆ ಅನ್ನಿಸಿತು. ಹೆಸರು ಕರೆದದ್ದೇ ತಡ, ಹೋಗಿ ಮೈಕು ಹಿಡಿದ.

"ಮಕ್ಳ, ತೊಂಬತ್ತೆರಡು ಅನ್ನೋದು ಸುಳ್ಳು. ನಾ ಗಣಿತಕ್ಕ ನಾಲ್ಕು ಸಲ ಕುಂತೀನಿ, ನಾಲ್ಕು ಸಲನೂ ಫೇಲು. ಫೇಲಾದ್ರ ಯಾರೂ ಸಾಯಂಗಿಲ್ಲ, ನಾನ ಬದುಕೀನಿ ನೋಡ್ರಿ. ಆದ್ರ ಪಾಸು ಅಂತ ಸುಳ್ಳು ಹೇಳ್ಕೊಂಡು ಹೆಂಡ್ತಿ ಜೊತಿ ಬಾಳೇವು ಮಾಡೋದೈತಲ್ಲ, ಅದು ಪರೀಕ್ಷೆಗಿಂತ ಭಾಳ ಕಷ್ಟ! ಹೆದರಬ್ಯಾಡ್ರಿ. ಹೋಗಿ ಬರೀರಿ. ಫೇಲಾದ್ರ ಮತ್ತ ಬರೀರಿ."

ಹಿಂದಿನ ಸಾಲಿನಿಂದ ಎದ್ದ ಸಿಳ್ಳೆ ಪೆಂಡಾಲನ್ನೇ ಎತ್ತಿಬಿಟ್ಟಿತು. ಹೆಣ್ಣುಮಕ್ಕಳ ಸಾಲಿನಲ್ಲಿ ದೇವಿಕಾಳ ಮುಖ ಮಾತ್ರ ಹಂಚಿನ ಮೇಲಿನ ರೊಟ್ಟಿಯಂತೆ ಉಬ್ಬಿತು.

ಅವನು ಕುರ್ಚಿಗೆ ಬಂದು ಕುಸಿದ. ಕೊಟ್ರಬಸಪ್ಪನವರು ಹಣೆ ಚಚ್ಚಿಕೊಳ್ಳುತ್ತಿದ್ದರು.

"ಲೇ ದಡ್ಡಾ, ಏನ್ ಮಾಡಿದ್ಯೋ! ನಾಲ್ಕನೇ ಸಲ ನೀ ಪಾಸಾಗೀಯಲೇ! ಸರಿಯಾಗಿ ಮೂವತ್ತೈದು! ಕಾರ್ಡು ಒಯ್ಯಾಕ ನೀನ ಬರ್ಲಿಲ್ಲ."

ಗಾಳೆಪ್ಪ ಲಕೋಟೆ ಕಸಿದುಕೊಂಡು ಬಿಚ್ಚಿದ. ಹಳದಿಗಟ್ಟಿದ ಹಾಳೆ, ಮಾಸಿದ ಸೀಲು, 'ಪಾಸ್'. ಇಪ್ಪತ್ತು ವರ್ಷದಿಂದ ತಾನು ಹೇಳಿಕೊಂಡು ಬಂದದ್ದರಲ್ಲಿ ಪಾಸು ಅನ್ನುವುದಾದರೂ ನಿಜವೇ ಆಗಿತ್ತು! ಕಾರ್ಡು ಎತ್ತಿ ಹಿಡಿದು ಮೈಕಿನ ಕಡೆ ಓಡಿದ. ಸುನಿತಾ ಮೇಡಂ ಅಡ್ಡ ನಿಂತರು.

"ಗಾಳೆಪ್ಪನವರೇ, ಅಲ್ಲಿ ನೋಡ್ರಿ."

ಆಫೀಸಿನ ಬಾಗಿಲಲ್ಲಿ ಹುಡುಗರು ಸಾಲು ನಿಂತಿದ್ದರು.

"ಹನ್ನೊಂದು ಜನ ಪರೀಕ್ಷೆ ಬರಿಯಂಗಿಲ್ಲ ಅಂತ ಹಾಲ್ ಟಿಕೆಟ್ ಒಯ್ದಿರ್ಲಿಲ್ಲ. ಈಗ ನಿಮ್ಮ ಮಾತು ಕೇಳಿ ಬಂದಾರ. ನೀವು ಪಾಸು ಅಂದ್ರ ಅವರ ಧೈರ್ಯ ಹೋಗ್ತೈತಿ. ಕೈ ಮುಗೀತೀನಿ, ಯಾರಿಗೂ ಹೇಳಬ್ಯಾಡ್ರಿ."

"ಮೇಡಂ, ನನ್ನ ಮರ್ಯಾದಿ?"

"ಹನ್ನೊಂದು ಒಂದಕ್ಕಿಂತ ದೊಡ್ಡದಲೇ," ಎಂದರು ಕೊಟ್ರಬಸಪ್ಪನವರು. "ಇಷ್ಟೂ ಗಣಿತ ಬರಲ್ಲೇನು?"

ಮನೆ ಮುಟ್ಟುವವರೆಗೂ ದೇವಿಕಾ ತುಟಿ ಬಿಚ್ಚಲಿಲ್ಲ. ಹೊಸಿಲು ದಾಟಿದ ಮೇಲೆ ಬಿಚ್ಚಿದ ತುಟಿ ಮುಚ್ಚಲಿಲ್ಲ. "ಫಸ್ಟ್ ಕ್ಲಾಸಂತ! ನಮ್ಮಪ್ಪ ಆ ಮಾತಿಗೆ ಮಳ್ಳಾಗಿ ನನ್ನ ಕೊಟ್ಟ!" ಹುಸೇನಮ್ಮ ಕಟ್ಟೆಯ ಮೇಲೆ ಕುಳಿತು ಒಂದಕ್ಷರವೂ ಬಿಡದೆ ಕೇಳುತ್ತಿದ್ದಳು. ಜೇಬಿನಲ್ಲಿದ್ದ ಕಾರ್ಡು ಗಾಳೆಪ್ಪನ ಎದೆಯನ್ನು ಕೆಂಡದಂತೆ ಸುಡುತ್ತಿತ್ತು. ಹೇಳಿದರೆ ಹುಸೇನಮ್ಮನಿಗೆ ಗೊತ್ತಾಗುತ್ತದೆ, ಅವಳಿಗೆ ಗೊತ್ತಾದರೆ ಸಂಜೆಯೊಳಗೆ ಇಡೀ ಊರಿಗೆ.

ಮಗಳಿಗಾದರೂ ಗುಟ್ಟಾಗಿ ತೋರಿಸೋಣವೆಂದು ಒಳಗೆ ಹೋದ. ಗಂಗೋತ್ರಿ ಗಣಿತದ ಪುಸ್ತಕ ತೆರೆದು ಕುಳಿತಿದ್ದಳು.

"ಅಪ್ಪಾ, ನಾಲ್ಕು ಸಲ ಫೇಲಾದ ನೀನ ಇಷ್ಟು ಚಲೋ ಇದ್ದಿ ಅಂದ್ರ ನಂಗ ಯಾಕ ಹೆದರಿಕಿ?"

ಗಾಳೆಪ್ಪ ಜೇಬಿನಿಂದ ಕೈ ತೆಗೆದ. ಅಷ್ಟರಲ್ಲಿ ಫೋನು ಹೊಡೆದುಕೊಂಡಿತು.

"ಪಾಪಿನಾಯಕನಹಳ್ಳಿಯಿಂದ ಮಾತಾಡೋದ್ರಿ. ನಾಳೆ ನಮ್ಮ ಹೈಸ್ಕೂಲಿನಾಗೂ ಬೀಳ್ಕೊಡುಗೆ ಐತಿ. ಗಣಿತದಾಗ ನಾಲ್ಕು ಸಲ ಫೇಲಾಗಿ ಹೆಸರು ಮಾಡಿದೋರು ನೀವೇ ಏನ್ರಿ?"

ಬಾಗಿಲಲ್ಲಿ ದೇವಿಕಾ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು. ಅವಳ ಹೆಗಲ ಮೇಲಿಂದ ಹುಸೇನಮ್ಮ ಇಣುಕುತ್ತಿದ್ದಳು.

"ಹೌದ್ರಿ," ಎಂದ ಗಾಳೆಪ್ಪ, "ನಾನ ರೀ."