ಬಾಸಿನ ಮುತ್ತಜ್ಜ ಕೊಟ್ಟ ರನ್ನುಗಳು

ಇನ್ನೊಬ್ಬರ ಅಜ್ಜನ ವಿಷಯದಲ್ಲಿ ನಿಜ ಹೇಳುವ ಗ್ರಹಚಾರ ಯಾರಿಗೂ ಬರಬಾರದು. ನಮ್ಮ ಅಜ್ಜನಾದರೆ ಹೇಗೋ ಸುಧಾರಿಸಿಕೊಳ್ಳಬಹುದು. ನನ್ನಜ್ಜ ಬರಿಗೈಯಲ್ಲಿ ಹುಲಿ ಓಡಿಸಿದರೆಂದು ಮನೆಯಲ್ಲಿ ಎಲ್ಲರೂ ಹೇಳುತ್ತಾರೆ, ಹುಲಿಯನ್ನು ವಿಚಾರಿಸಿದವರಿಲ್ಲ. ಆದರೆ ನಮ್ಮ ವೀಸಾ ಕಾಗದಕ್ಕೆ ಸಹಿ ಹಾಕಬೇಕಾದವರ ಮುತ್ತಜ್ಜ ಎಂದರೆ ಹುಲಿಯೇ ಬಂದು ಎದುರು ಕೂತ ಹಾಗೆ.

ತೊಂಬತ್ತರ ದಶಕದಲ್ಲಿ ನಾನು ಬಹರೈನಿನ ಒಂದು ಕಂಪನಿಯಲ್ಲಿ ಲೆಕ್ಕ ಬರೆಯುತ್ತಿದ್ದೆ. ನಮ್ಮ ಬಾಸ್ ಹಾರ್ಲನ್ ಅಮೆರಿಕದವರು. ಅವರ ಮುತ್ತಜ್ಜ ಬೇಸ್‌ಬಾಲ್ ಆಟದಲ್ಲಿ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಪಿಚರ್ ಆಗಿದ್ದವರು. ನಮ್ಮ ಭಾಷೆಯಲ್ಲಿ ಬೌಲರ್ ಅನ್ನಿ. ಪಂದ್ಯಕ್ಕೆ ಅವರು ಕೊಡುತ್ತಿದ್ದ ರನ್ನು ಬೆರಳಲ್ಲಿ ಎಣಿಸುವಷ್ಟು ಎಂಬುದು ಆ ಮನೆತನದ ಹೆಮ್ಮೆ. ಊರಿನ ಮೈದಾನಕ್ಕೆ ಅವರ ಹೆಸರಿಡುವ ಮಾತು ನಡೆದಿತ್ತು. ರಜೆಯಲ್ಲಿ ಹೋಗಿ ಭಾಷಣ ಮಾಡಬೇಕಿದ್ದ ಹಾರ್ಲನ್, ಹಳೆಯ ಪತ್ರಿಕೆಗಳ ಜೆರಾಕ್ಸ್ ಕಟ್ಟನ್ನು ನನ್ನ ಮೇಜಿನ ಮೇಲಿಟ್ಟು, ಅದೇ ಕಾಲದ ಬೇರೆ ಪಿಚರ್‌ಗಳ ಜೊತೆ ಹೋಲಿಸಿ ಕೊಡಲು ಹೇಳಿದರು. ನನ್ನ ವೀಸಾ ಮುಗಿಯುವುದರಲ್ಲಿತ್ತು. ಅದನ್ನು ನವೀಕರಿಸುವ ಕಾಗದ ಅವರ ಮೇಜಿನ ಮೇಲಿತ್ತು.

ಬೇಸ್‌ಬಾಲ್ ಎಂದರೆ ದೊಡ್ಡವರ ಚಿನ್ನಿದಾಂಡು ಎಂದುಕೊಂಡಿದ್ದ ನಾನು ಲೆಕ್ಕಕ್ಕೆ ಕೂತೆ. ಮುತ್ತಜ್ಜ ಕೊಟ್ಟ ರನ್ನು ಕಡಿಮೆ ಎಂಬುದು ಸುಳ್ಳಲ್ಲ. ಕಷ್ಟವೇನೆಂದರೆ, ಆ ಕಾಲದಲ್ಲಿ ಚೆಂಡು ಮೆತ್ತಗೆ, ಹೊಡೆದರೆ ದೂರ ಹೋಗುತ್ತಲೇ ಇರಲಿಲ್ಲ. ಹಾಗಾಗಿ ಎಲ್ಲರೂ ಕಡಿಮೆಯೇ ಕೊಡುತ್ತಿದ್ದರು, ಹೆಚ್ಚಿನವರು ಮುತ್ತಜ್ಜನಿಗಿಂತಲೂ ಕಡಿಮೆ. ಸಾಲಾಗಿ ನಿಲ್ಲಿಸಿದರೆ ಹಾರ್ಲನ್ನರ ಮುತ್ತಜ್ಜ ಬಾಲದ ಹತ್ತಿರ ಬರುತ್ತಿದ್ದರು. ಕೂಡಿಸಿದೆ, ಭಾಗಿಸಿದೆ, ಎ.ಸಿ.ಯ ಕೆಳಗೆ ಕೂತು ಬೆವರಿದೆ. ಮುತ್ತಜ್ಜ ಒಂದು ಮೆಟ್ಟಿಲೂ ಮೇಲೇರಲಿಲ್ಲ.

ಪಕ್ಕದ ಮೇಜಿನ ಕಾಮತರು ಮಂಗಳೂರಿನವರು, ವ್ಯವಹಾರಸ್ಥರು. "ಮಾರಾಯ್ರೇ, ಸತ್ತ ಅಜ್ಜನನ್ನು ಸೋಲಿಸಿ ನಿಮಗೆ ಎಂತ ಸಿಗ್ಲಿಕ್ಕುಂಟು? ಫಸ್ಟ್ ಅಂತ ಬರೆದು ಕೊಡಿ," ಎಂದರು. ಗುಫೂಲ್ ಬಡಾವಣೆಯ ನಮ್ಮ ಫ್ಲ್ಯಾಟಿನಲ್ಲಿ ಹೆಂಡತಿಯದೂ ಅದೇ ರಾಗ. ಮಗಳ ಶಾಲೆಯ ವರ್ಷ ನಡುವಿನಲ್ಲಿದೆ, ಈಗ ಊರಿಗೆ ಹೊರಡಬೇಕಾದರೆ ಗತಿಯೇನು ಎಂದಳು. ಫಸ್ಟ್ ಎಂದು ಬರೆಯಲು ನಾನೂ ತಯಾರಿದ್ದೆ. ಆದರೆ ಆ ಊರಲ್ಲಿ ಲೆಕ್ಕ ಗೊತ್ತಿದ್ದ ಯಾರಾದರೂ ಭಾಷಣದ ನಡುವೆ ಎದ್ದು ನಿಂತರೆ? ಹಾರ್ಲನ್ ವಾಪಸು ಬಂದಮೇಲೆ ನನ್ನನ್ನು ಯಾವ ವಿಮಾನ ಹತ್ತಿಸುತ್ತಾರೆ? ನನ್ನ ಸತ್ಯನಿಷ್ಠೆಯ ಮೂಲ ಈ ಹೆದರಿಕೆಯೇ.

ಬುಧವಾರ ಅವರ ಕೋಣೆಗೆ ಹೋದೆ. ನನ್ನ ವೀಸಾ ಕಾಗದದ ಮೇಲೆ ಅವರ ಕಾಫಿ ಲೋಟ ಕೂತಿತ್ತು. ಕಣ್ಣು ಅದರ ಮೇಲಿಟ್ಟೇ ಎಲ್ಲವನ್ನೂ ಹೇಳಿದೆ. ಅವರು ಹಾಳೆಯನ್ನು ಮೇಲಿಂದ ಕೆಳಗೆ ಓದಿದರು, ಮತ್ತೆ ಓದಿದರು.

"ಹಾಗಾದರೆ ಅವರು ಸಾಧಾರಣ?"

"ಸಾಧಾರಣಕ್ಕಿಂತ ಸ್ವಲ್ಪ ಕೆಳಗೆ, ಸರ್."

ಹಾರ್ಲನ್ ಕನ್ನಡಕ ತೆಗೆದು ಕಿಟಕಿಯತ್ತ ತಿರುಗಿದರು. "ಈ ಮನುಷ್ಯನ ಹೆಸರು ಹೇಳಿಯೇ ನನ್ನಪ್ಪ ನನ್ನನ್ನು ಕತ್ತಲಾಗುವವರೆಗೆ ಮೈದಾನದಲ್ಲಿ ನಿಲ್ಲಿಸುತ್ತಿದ್ದರು. ನನ್ನ ಕೈಯಲ್ಲಿ ಚೆಂಡು ನೆಟ್ಟಗೆ ಹೋಗುತ್ತಲೇ ಇರಲಿಲ್ಲ," ಎಂದರು. ಭುಜ ಅಲುಗಿತು. ಕೋಪವೋ ನಗುವೋ ತಿಳಿಯಲಿಲ್ಲ. ಹೋಗಬಹುದು ಎಂದರು. ಕಾಗದ ಅಲ್ಲೇ ಉಳಿಯಿತು.

ಕಾಮತರು ಊರಿನ ಟಿಕೆಟ್ಟಿನ ದರ ವಿಚಾರಿಸಿಡಲೇ ಎಂದು ಕೇಳಿದರು. ಮರುದಿನ ಸಂಜೆ ಹಾರ್ಲನ್ ನನ್ನನ್ನೂ ಹೆಂಡತಿಯನ್ನೂ ಮನೆಗೆ ಕರೆದರು. ಅವರ ಹೆಂಡತಿ ಆ್ಯಪಲ್ ಪೈ ತಂದು ನನ್ನೆದುರಿಗೇ ಇಟ್ಟರು. ಮುಚ್ಚುಮರೆ ಇಲ್ಲದೆ ಮಾತಾಡುವ ಒಬ್ಬ ಮನುಷ್ಯ ಆಫೀಸಿನಲ್ಲಿದ್ದಾನೆಂದು ಗಂಡ ಹೇಳಿದ್ದಾರೆ, ಹೇಗಿದೆ ನಿಜ ಹೇಳಿ ಎಂದರು. ಹಾರ್ಲನ್ ಮುಂದೆ ಬಾಗಿ ಕೂತರು. ನನ್ನ ಹೆಂಡತಿ ಮೇಜಿನ ಕೆಳಗೆ ನನ್ನ ಕಾಲು ತುಳಿದಳು. ಪೈಯ ತಳ ಸೀದಿತ್ತು, ಒಳಗೆ ಹಸಿಯಿತ್ತು.

ಇಂಥ ಪೈಯನ್ನು ಜನ್ಮದಲ್ಲಿ ತಿಂದಿಲ್ಲ ಎಂದೆ. ಅದಕ್ಕಿಂತ ಮೊದಲು ಯಾವ ಪೈಯನ್ನೂ ತಿಂದಿರಲಿಲ್ಲವಾದ್ದರಿಂದ ಹೋಲಿಸುವ ತಾಪತ್ರಯವೂ ಇರಲಿಲ್ಲ. ಎರಡನೆಯ ತುಂಡನ್ನೂ ಹಾಕಿಸಿಕೊಂಡೆ.

ಶನಿವಾರ ಆಫೀಸಿಗೆ ಹೋದಾಗ ಸಹಿಯಾದ ಕಾಗದ ನನ್ನ ಮೇಜಿನ ಮೇಲಿತ್ತು. ನನ್ನ ಸತ್ಯಕ್ಕೇ ಸಿಕ್ಕ ಬಹುಮಾನ ಅದು ಎಂದು ಮಗಳಿಗೆ ಹೇಳಿಕೊಂಡು ಬಂದಿದ್ದೇನೆ. ಆ ಹೊತ್ತಿಗೆ ಹೆಂಡತಿ ಅಡುಗೆಮನೆಯಲ್ಲಿದ್ದರೆ ಮಾತ್ರ.