ಅತ್ತೆಯ ವಾಂತಿ ಕವರುಗಳು

ನಮ್ಮ ದೊಡ್ಡತ್ತೆ, ಅಂದರೆ ಅಪ್ಪನ ಅಕ್ಕ, ಒಮ್ಮೆಯೂ ವಿಮಾನ ಹತ್ತಿದವರಲ್ಲ. ಆದರೆ ಇಡೀ ಬಸವೇಶ್ವರನಗರದಲ್ಲಿ ಅವರಷ್ಟು ವಾಂತಿ ಕವರ್ ಇಟ್ಟುಕೊಂಡವರು ಇನ್ನೊಬ್ಬರು ಸಿಕ್ಕರೆ, ಚರ್ಚಾಸ್ಪರ್ಧೆಗಳಲ್ಲಿ ನಾನು ಗೆದ್ದ ಕಪ್ಪುಗಳನ್ನೆಲ್ಲ ಅವರಿಗೇ ಕೊಟ್ಟುಬಿಡುತ್ತೇನೆ!

ವಾಂತಿ ಕವರ್ ಗೊತ್ತಲ್ಲ? ವಿಮಾನದಲ್ಲಿ ಮುಂದಿನ ಸೀಟಿನ ಬೆನ್ನಿಗಿರುವ ಜೇಬಿನೊಳಗೆ, ಪತ್ರಿಕೆಯ ಹಿಂದೆ ನಾಚಿ ಕೂತಿರುವ ಬಿಳಿ ಕಾಗದದ ಚೀಲ. ವಿಮಾನದವರು ಅದಕ್ಕೆ ಏನೋ ಗೌರವದ ಹೆಸರಿಟ್ಟಿದ್ದಾರೆ, ಜನ ಕೇಳಬೇಕಲ್ಲ! ಪದಕ್ಕೆ ಅರ್ಥ ಕೊಡುವುದು ನಿಘಂಟಲ್ಲ, ಬಳಕೆ ಎಂದು ಎಷ್ಟೋ ವೇದಿಕೆಗಳಲ್ಲಿ ಮೇಜು ಕುಟ್ಟಿ ವಾದಿಸಿದ್ದೇನೆ. ಆ ವಾದವೇ ನನಗೆ ಮುಳುವಾಯಿತು. ಏಕೆಂದರೆ ಅತ್ತೆಯ ಮನೆಯಲ್ಲಿ ವಾಂತಿ ಕವರಿನೊಳಗೆ ಇದುವರೆಗೆ ಯಾರೂ ವಾಂತಿ ಮಾಡಿಲ್ಲ. ಅಲ್ಲಿ ಅದರೊಳಗೆ ಉಸಿರು ಇಡುತ್ತಾರೆ.

ಹೌದು, ಉಸಿರು! ನಮ್ಮ ಬಳಗದವರು ಯಾರೇ ವಿಮಾನ ಹತ್ತಲಿ, ಮೊದಲು ಅತ್ತೆಯ ಮನೆಗೆ ಬಂದು ಒಂದು ಕವರಿಗೆ ಬಾಯಿಟ್ಟು ಊದಿ ಹೋಗಬೇಕು. ಅತ್ತೆ ಅದರ ಬಾಯಿ ಮಡಚಿ, ರಬ್ಬರ್ ಬ್ಯಾಂಡ್ ಹಾಕಿ, ಪೆನ್ಸಿಲಿನಲ್ಲಿ ಹೆಸರು ಬರೆದು, ಹಿಂದಿನ ಕೋಣೆಯ ಹಗ್ಗಕ್ಕೆ ಬಟ್ಟೆ ಕ್ಲಿಪ್ಪಿನಿಂದ ನೇತುಹಾಕುತ್ತಾರೆ. ವಾಪಸ್ ಬಂದವರನ್ನು ಹೊಸ್ತಿಲಲ್ಲೇ ನಿಲ್ಲಿಸಿ, ಮುಖದೆದುರು ಕವರ್ ಬಿಚ್ಚಿ, "ತಗೋ, ನಿಂದು ನಿಂಗೆ" ಎಂದು ಹಿಂಡುತ್ತಾರೆ. ಬಂದವರು ಒಂದು ಹೊಸ ಕವರನ್ನು ಅವರ ಕೈಗಿಡಬೇಕು. ನಾನು ದೆಹಲಿಗೆ ಹಾರಿದಾಗ, "ಆಂಟಿ, ನಿಮ್ಮ ವಾಂತಿ ಕವರ್ ಕೊಡ್ತೀರಾ? ನಂಗೆ ಒಂದು ಸಾಲಲ್ಲ" ಎಂದು ಪಕ್ಕದವರನ್ನು ಕೇಳಿದೆ. ಅವರು ಸೀಟನ್ನೇ ಬದಲಾಯಿಸಿದರು!

"ಯಾಕತ್ತೆ ಇದೆಲ್ಲ?" ಎಂದು ಒಮ್ಮೆ ಜಗಳಕ್ಕೇ ನಿಂತೆ.

"ಪೂರ್ತಿ ಮನುಷ್ಯ ನೆಲ ಬಿಟ್ಟು ಹೋಗ್ಬಾರ್ದು ಕಣೇ. ಒಂಚೂರಾದ್ರೂ ಮನೇಲಿರ್ಬೇಕು."

"ಹಂಗಾದ್ರೆ ಬಲೂನ್ ಊದ್ಸಿ."

"ಬಲೂನ್ ಒಡೆಯುತ್ತೆ. ಇದು ಹೊಟ್ಟೆಯಿಂದ ಬಂದಿದ್ದು ಆಚೆ ಸೋರ್ದಿರೋ ಹಾಗೆ ಮಾಡಿರೋದು. ಉಸಿರೇನು ಮೊಣಕಾಲಿಂದ ಬರುತ್ತಾ?"

ಅತ್ತೆಯ ಮನೆಯಲ್ಲೇ ಇದ್ದುಕೊಂಡು, ನಾಗರಬಾವಿಗೆ ಹೋಗಿ ಎರಡು ವರ್ಷದಿಂದ ಕಾನೂನು ಓದುತ್ತಿರುವ ನಾನು ನನ್ನ ಮೊಣಕಾಲನ್ನೇ ನೋಡಿಕೊಂಡೆ.

ಮಹಡಿಯಲ್ಲಿ ಬಾಡಿಗೆಗಿರುವ ವಿಜಯಪುರದ ಮೇಷ್ಟ್ರು ಊರಿಗೆ ಹೊರಟಾಗಲೂ ಅತ್ತೆ ಕವರ್ ಹಿಡಿದು ಬಂದರು. "ನಾ ರೈಲಿನಾಗ ಹೊಂಟೀನ್ರೀ ಅಮ್ಮಾರ" ಎಂದರು ಮೇಷ್ಟ್ರು. "ರೈಲು ನೆಲ ಮುಟ್ಕೊಂಡೇ ಹೋಗುತ್ತೆ, ಹಾಗಾದ್ರೆ ಬೇಡ ಬಿಡಿ" ಎಂದು ಅತ್ತೆ ತಿರುಗಿದರು. ಮೇಷ್ಟ್ರು ಮೆಟ್ಟಿಲ ಮೇಲೆ ನಿಂತು ಯೋಚಿಸಿ ಕೇಳಿದರು: "ಮತ್ತ ಸೇತುವಿ ಮ್ಯಾಲೆ ಹೋಗೂಮುಂದರೀ?" ಈಗ ಅವರದ್ದೂ ಒಂದು ತೂಗುತ್ತಿದೆ!

ನಗುತ್ತಿದ್ದೀರಾ? ಮಧ್ಯಾಹ್ನ ಎರಡು ಗಂಟೆಗೆ ಆ ಕೋಣೆಗೆ ಬನ್ನಿ. ಕಿಟಕಿ ಮುಚ್ಚಿದೆ, ಫ್ಯಾನಿಲ್ಲ. ಹಗ್ಗದುದ್ದಕ್ಕೂ ಉಬ್ಬಿದ ಬಿಳಿ ಕವರುಗಳು. ನೀವು ಒಳಗೆ ಕಾಲಿಟ್ಟರೆ ಎಲ್ಲವೂ ಒಂದಿಷ್ಟು ನಿಮ್ಮ ಕಡೆ ತಿರುಗುತ್ತವೆ. ಬಾಗಿಲು ತೆರೆದಾಗ ಬಂದ ಗಾಳಿ, ಒಪ್ಪಿದೆ. ಆದರೆ ಬಾಗಿಲು ಹಾಕಿದ ಮೇಲೂ ಅವು ನಿಮ್ಮ ಕಡೆಯೇ ತಿರುಗಿಕೊಂಡಿರುತ್ತವೆ.

ಎಲ್ಲ ಕವರುಗಳೂ ನಾಲ್ಕು ದಿನಕ್ಕೆ ಸೊರಗುತ್ತವೆ, ಕೊನೆಯದೊಂದನ್ನು ಬಿಟ್ಟು. ಅದರ ಮೇಲೆ ಹೆಸರಿಲ್ಲ. ಅತ್ತೆ ಗಂಡನ ಹೆಸರು ಬರೆಯುವವರಲ್ಲ. ಒಂಬತ್ತು ವರ್ಷದ ಹಿಂದೆ ಆಫೀಸಿನ ಕೆಲಸಕ್ಕೆಂದು ಕಲ್ಕತ್ತೆಗೆ ಹಾರಿದ ಮಾವ, ಅಲ್ಲಿಯ ಹೋಟೆಲಿನಲ್ಲಿ ಹೃದಯಾಘಾತವಾಗಿ ತೀರಿಕೊಂಡರು. ದೇಹ ಮನೆಗೆ ಬಂದಾಗಲೂ ಅತ್ತೆ ಕವರ್ ಬಿಚ್ಚಲು ಒಪ್ಪಲಿಲ್ಲವಂತೆ. ಇಂದಿಗೂ ಬೆಳಿಗ್ಗೆ ಅದಕ್ಕೆ ಕಿವಿಯಿಟ್ಟು "ಎದ್ರಾ?" ಎಂದು ಕೇಳಿದ ಮೇಲೇ ಕಾಫಿಗೆ ನೀರಿಡುವುದು.

ಒಂಬತ್ತು ವರ್ಷ ನಿಲ್ಲುವ ಗಾಳಿಯುಂಟೇ? ಯಾರೋ ಊದುತ್ತಿದ್ದಾರೆ, ಅಷ್ಟೇ! ಆರೋಪಿ ಅತ್ತೆಯೇ ಎಂದು ತೀರ್ಮಾನಿಸಿ, ರಬ್ಬರ್ ಬ್ಯಾಂಡಿನಡಿ ನನ್ನದೊಂದು ಕೂದಲು ಸಿಕ್ಕಿಸಿದೆ. ಬಿಚ್ಚಿದರೆ ಬೀಳಬೇಕು. ಹತ್ತು ದಿನ ಕಳೆಯಿತು. ಕೂದಲು ಅಲ್ಲಾಡಲಿಲ್ಲ. ಮಾವ ಸೊರಗಲಿಲ್ಲ.

ಹನ್ನೊಂದನೆಯ ದಿನ ಅತ್ತೆ ಸೊಪ್ಪು ತರಲು ಹೋದಾಗ ರಬ್ಬರ್ ಬ್ಯಾಂಡ್ ತೆಗೆದೇಬಿಟ್ಟೆ. ಕವರ್ ತಟ್ಟನೆ ಇಳಿಯಲಿಲ್ಲ. ನಿದ್ದೆಯಲ್ಲಿರುವವರ ಹಾಗೆ, ನಿಧಾನವಾಗಿ, ಉದ್ದಕ್ಕೆ ಉಸಿರುಬಿಟ್ಟಿತು. ನಸ್ಯದ ವಾಸನೆ! ನಮ್ಮ ಮನೆತನದಲ್ಲಿ ಮಾವನನ್ನು ಬಿಟ್ಟರೆ ನಸ್ಯ ಮುಟ್ಟಿದವರೇ ಇಲ್ಲ. ಹಗ್ಗದ ಮೇಲಿನ ಉಳಿದ ಕವರುಗಳೆಲ್ಲ ಒಂದೇ ಸಲ ಸರಸರ ಎಂದು ಸುಮ್ಮನಾದವು. ನನ್ನ ಕೈಯಲ್ಲಿ ಚಪ್ಪಟೆ ಕಾಗದ ಉಳಿದಿತ್ತು.

ಗೆದ್ದೆನೇ? ಏನನ್ನು? ನಾಳೆ ಬೆಳಿಗ್ಗೆ ಅತ್ತೆ ಯಾವುದಕ್ಕೆ ಕಿವಿಯಿಡಬೇಕು?

ಗೇಟಿನ ಸದ್ದಾಯಿತು. ಕವರಿಗೆ ಬಾಯಿಟ್ಟು ಊದಿದೆ, ಸೋರಿತು. ಮತ್ತೆ ಊದಿದೆ, ಮತ್ತೂ ಸೋರಿತು. ಮೂರನೆಯ ಸಲಕ್ಕೆ ನಿಂತಿತು. ರಬ್ಬರ್ ಬ್ಯಾಂಡ್ ಬಿಗಿದು ಹಗ್ಗಕ್ಕೆ ಸಿಕ್ಕಿಸುವಷ್ಟರಲ್ಲಿ ಅತ್ತೆ ಬಾಗಿಲಲ್ಲಿದ್ದರು, ಕಂಕುಳಲ್ಲಿ ದಂಟಿನ ಸೊಪ್ಪು. ಕವರನ್ನು ನೋಡಿದರು, ನನ್ನನ್ನು ನೋಡಿದರು. ಹತ್ತಿರ ಬಂದು ಕಿವಿಯಿಟ್ಟರು.

"ಏನ್ರೀ, ಹಿಂಗೆ ಏದುಸಿರು ಬಿಡ್ತಿದೀರಾ?"

ಏದುಸಿರು ಬಿಡುತ್ತಿದ್ದವಳು ನಾನು. ಅತ್ತೆ ಕಿವಿ ತೆಗೆಯದೆಯೇ ಕೇಳಿದರು, "ಎಷ್ಟು ಸಲ ಊದ್ದೆ?"

"…ಮೂರು."

"ನಿಮ್ಮಪ್ಪ ಒಂದೇ ಸಲಕ್ಕೆ ತುಂಬಿಸ್ದ. ವರ್ಷದ ತಿಥಿ ದಿನ. ಅವನೂ ನಿಜ ಕಂಡುಹಿಡೀತೀನಿ ಅಂತಲೇ ಬಿಚ್ಚಿ, ನೀನು ನಿಂತಿರೋ ಜಾಗದಲ್ಲೇ ಬೆವೆತು ನಿಂತಿದ್ದ."

"ಗೊತ್ತಿದ್ರೂ ಇಷ್ಟು ವರ್ಷ ಮಾತಾಡಿಸ್ತಾ ಇದೀರಲ್ಲ ಅತ್ತೆ?"

"ಮತ್ತೆ? ಅವನೂ ಅವರನ್ನ ಖಾಲಿ ಬಿಡ್ಲಿಲ್ಲ. ನೀನೂ ಬಿಡ್ಲಿಲ್ಲ." ಸೆರಗಿನಿಂದ ಮುಖ ಒರೆಸಿಕೊಂಡರು. "ಒಬ್ರೇ ಇದ್ರೆ ಅವರಿಗೆ ಬೇಜಾರು ಕಣೇ."

ಅಪ್ಪನ ಉಸಿರಿಗೆ ನಸ್ಯದ ವಾಸನೆ ಹೇಗೆ ಬಂತು ಎಂಬ ಪ್ರತಿವಾದ ನಾಲಗೆಯ ತುದಿಯಲ್ಲೇ ಇತ್ತು. ನುಂಗಿಕೊಂಡು, ಅವರ ಪಕ್ಕ ನೆಲದ ಮೇಲೆ ಕೂತು ಸೊಪ್ಪು ಬಿಡಿಸತೊಡಗಿದೆ.