ಎದುರಾಳಿಯ ಮನೆಯ ಒಂದು ಕಾಯಿ

ಹೆಂಡತಿಯನ್ನು ಮನೆಗೆ ಕರೆತರಲು ಫುಟ್‌ಬಾಲಿನ ನಿಯಮವನ್ನು ನಂಬಿದ ಮಹಾನುಭಾವ ಮುಂಬಯಿಯಲ್ಲಿ ಒಬ್ಬನೇ ಇರಬೇಕು. ಅವನೇ ನಮ್ಮ ಶ್ರೀಶೈಲ. ಅವನ ಅತ್ತೆ ಹಾಲವ್ವನ ಮಂಡಿ ಆಪರೇಷನ್ ಎಂದು ವಿಕ್ರೋಳಿಗೆ ಹೋದ ರೂಪಾಲಿ ಮೂರು ತಿಂಗಳಾದರೂ ಕಾಂದಿವಲಿಯ ಮನೆಗೆ ಮರಳಿರಲಿಲ್ಲ. ಅತ್ತೆ ಈಗ ಮೂರು ಮಹಡಿ ಹತ್ತಿ ಇಳಿಯುತ್ತಿದ್ದಳು. ಆದರೆ ರೂಪಾಲಿಯ ಆಫೀಸು ಅಲ್ಲಿಂದ ಐದೇ ನಿಮಿಷ. (ಕಾಂದಿವಲಿಯಿಂದಾದರೆ ದಾದರಿನಲ್ಲಿ ಲೋಕಲ್ ಬದಲಿಸಿ, ನುಜ್ಜುಗುಜ್ಜಾಗಿ, ಎರಡು ತಾಸು.) ಇತ್ತ ಶ್ರೀಶೈಲ ಒಂಟಿತನ ತಾಳದೆ ಕುಕ್ಕರಿನ ಸೀಟಿಗೆ ಉತ್ತರ ಕೊಡುವ ಹಂತಕ್ಕೆ ಬಂದಿದ್ದ.

ಕೊನೆಗೆ ಗಂಡ ಹೆಂಡಿರ ನಡುವೆ ಕ್ಯಾರಂ ಪಂದ್ಯ ನಿಗದಿಯಾಯಿತು. ಒಂದು ಭಾನುವಾರ ಕಾಂದಿವಲಿಯಲ್ಲಿ ಮೂರು ಬೋರ್ಡ್ ಆಟ, ಮುಂದಿನ ಭಾನುವಾರ ವಿಕ್ರೋಳಿಯಲ್ಲಿ ಮೂರು. ಪಾಕೆಟ್ಟಿಗೆ ಹಾಕಿದ ಕಾಯಿಗಳನ್ನೆಲ್ಲ ಕೂಡಿಸುವುದು. ಅವನು ಗೆದ್ದರೆ ಅವಳು ಸೋಮವಾರವೇ ಮನೆಗೆ. ಅವಳು ಗೆದ್ದರೆ ದೀಪಾವಳಿವರೆಗೆ ತಾಯಿಯ ಬಳಿ.

"ಸಮ ಆದ್ರ?" ಎಂದಳು ರೂಪಾಲಿ.

"ಎದುರಾಳಿ ಮನ್ಯಾಗ ಯಾರು ಜಾಸ್ತಿ ಕಾಯಿ ಹಾಕಿರ್ತಾರ, ಅವರ ಗೆದ್ದಂಗ. ಫುಟ್‌ಬಾಲಿನ್ಯಾಗ ಹಂಗ ಇತ್ತು," ಎಂದು ಶ್ರೀಶೈಲ ಧರ್ಮಶಾಸ್ತ್ರ ಹೊರಡಿಸಿದ. ಅತ್ತೆಯ ಮನೆಯ ಬೋರ್ಡು ಬಲು ನುಣುಪು. ಅಲ್ಲಿ ತನ್ನ ಕೈ ಮೇಲೆ ಎಂದು ಅವನು ನಂಬಿದ್ದ.

ಕಾಂದಿವಲಿಯಲ್ಲಿ ಅವನು ಇಪ್ಪತ್ತಾರು, ಅವಳು ಇಪ್ಪತ್ತೆರಡು. ಕೊನೆಯ ಬೋರ್ಡಿನಲ್ಲಿ ಅವನದು ಒಂದೇ ಕಾಯಿ ಉಳಿದಿತ್ತು, ಅದೂ ಪಾಕೆಟ್ಟಿನ ಬಾಯಲ್ಲೇ. ಅಷ್ಟರಲ್ಲಿ ಅವಳು ಗಡಿಯಾರ ನೋಡಿದಳು. ಆಟ ಮುಗಿದರೆ ಹೊರಟುಬಿಡುತ್ತಾಳೆ! ಶ್ರೀಶೈಲ ಬೇಕೆಂದೇ ಗುರಿ ತಪ್ಪಿಸಿದ. ಅವಳು ನಿಧಾನವಾಗಿ ಒಂದು ಕಾಯಿ, ತನ್ನ ಇಪ್ಪತ್ತೆರಡನೆಯದು, ಹಾಕಿದಳು, ಹತ್ತು ನಿಮಿಷ ಹೆಚ್ಚು ಕೂತಳು. ಮೂರು ತಿಂಗಳಲ್ಲಿ ಅವನಿಗೆ ಅದಕ್ಕಿಂತ ಸುಖದ ಹತ್ತು ನಿಮಿಷ ಸಿಕ್ಕಿರಲಿಲ್ಲ.

ವಿಕ್ರೋಳಿಯಲ್ಲಿ ಅವಳು ಇಪ್ಪತ್ತೈದು, ಅವನು ಇಪ್ಪತ್ತೊಂದು. ಒಟ್ಟು ನಲವತ್ತೇಳು, ನಲವತ್ತೇಳು!

ಹಾಲವ್ವ ತೀರ್ಪು ಕೊಟ್ಟಳು: "ಅಳಿಯಂದ್ರ, ಆಕಿ ನಿಮ್ಮ ಮನ್ಯಾಗ ಇಪ್ಪತ್ತೆರಡು ಹಾಕ್ಯಾಳ. ನೀವು ಇಲ್ಲಿ ಇಪ್ಪತ್ತೊಂದ."

"ಆ ನಿಯಮಾನ ಅನ್ಯಾಯದ್ದು! ಯುರೋಪಿನವರು ಅದನ್ನ ತಗದ ಹಾಕ್ಯಾರ!" ಎಂದು ಶ್ರೀಶೈಲ ಹಾರಾಡಿದ.

"ನೀವೂ ಮೊದಲ ತಗೀಬೇಕಿತ್ರಿ," ಎಂದಳು ರೂಪಾಲಿ.

"ಹಂಗಾರ ಎಕ್ಸ್‌ಟ್ರಾ ಟೈಮ್ ಆಡೂಣು."

"ಅದನ್ನ ಹೋದ ವಾರನ ಆಡೀವಲ್ಲ, ಹತ್ತು ನಿಮಿಷ." ಅವಳ ದನಿ ಮೆತ್ತಗಾಯಿತು. "ನೀವು ಬೇಕಂತ ತಪ್ಪಿಸಿದ್ದು ನನಗ ಕಾಣಲಿಲ್ಲ ಅಂತ ಮಾಡೀರೇನು?"

ಆದರೂ ತನ್ನನ್ನು ಗೆಲ್ಲಿಸಿದ ಆ ಒಂದು ಕಾಯಿಯನ್ನು ಅವಳು ಬಿಟ್ಟುಕೊಡಲಿಲ್ಲ. ಡಬ್ಬಿ ತುಂಬ ಶೇಂಗಾ ಚಟ್ನಿ ಕಟ್ಟಿ ಕಳಿಸಿದಳು.

ಕಾಂದಿವಲಿಯಲ್ಲಿ ಬೀಗ ತೆಗೆದವನೇ ಶ್ರೀಶೈಲ ಬೋರ್ಡಿನ ಮುಂದೆ ಕೂತು, ಎರಡೂ ಕಡೆ ತಾನೇ ಆಡಿದ. ಅವಳ ಕಡೆಯೇ ಗೆದ್ದಿತು.